ಗೇಮ್‌ಗಳಲ್ಲಿ ಅಲೆದಾಟ ಟೈಮ್ ವೇಸ್ಟ್ ಅಲ್ಲ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಗೇಮ್‌ಗಳಿಗೆ ಅಷ್ಟು ಜಾಗ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿದ್ದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಒಳ್ಳೆಯ ಕಥೆ ಬೇಕು ಅನ್ನುವವರು ನೇರ ದಾರಿಯಲ್ಲಿ ಸಾಗುವ ಲೀನಿಯರ್ ಗೇಮ್‌ಗಳನ್ನೇ ಆಡಬೇಕು, ಎಲ್ಲಿಗೆ ಬೇಕಾದರೂ ಹೋಗಲು ಬಿಡುವ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಇರುವುದು ಬರೀ ಸುತ್ತಾಟ, ಅದು ಟೈಮ್ ವೇಸ್ಟ್ ಎಂದು ಲೇಖಕರು ಬರೆದಿದ್ದರು. ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧದ ಬಗ್ಗೆ ನನಗೆ ತಕರಾರಿದೆ. ಅದನ್ನು ಹೇಳಲು ಈ ಪತ್ರ.

ಮೊದಲು ಒಂದು ರಾತ್ರಿಯ ವಿಷಯ ಹೇಳುತ್ತೇನೆ. 2022ರಲ್ಲಿ ಎಲ್ಡನ್ ರಿಂಗ್ ಎಂಬ ಓಪನ್ ವರ್ಲ್ಡ್ ಗೇಮ್ ಬಂತು. ಆಡಲು ಶುರು ಮಾಡಿ ಒಂದು ವಾರ ಆಗಿತ್ತು. ಮಾರ್ಗಿಟ್ ಅಂತ ಒಬ್ಬ ಬಾಸ್, ಅಂದರೆ ಸೋಲಿಸಲು ಕಷ್ಟವಾದ ದೊಡ್ಡ ಶತ್ರು, ಕೋಟೆಯ ದಾರಿಗೆ ಅಡ್ಡ ನಿಂತಿರುತ್ತಾನೆ. ಮೂರು ಸಂಜೆ ಅವನ ಕೈಯಲ್ಲಿ ಸತ್ತು ಸತ್ತು ಸಾಕಾಗಿತ್ತು. ನಾಲ್ಕನೇ ದಿನ ಅವನ ಗೊಡವೆಯೇ ಬೇಡ ಎಂದು ಕುದುರೆ ತಿರುಗಿಸಿ ಪೂರ್ವಕ್ಕೆ ಹೊರಟೆ. ಯಾಕೆ ಆ ಕಡೆಗೇ ಹೋದೆ ಎಂದರೆ ದೊಡ್ಡ ಕಾರಣ ಏನೂ ಇಲ್ಲ, ದೂರದಲ್ಲಿ ಒಂದು ಕಾಡು ಕಾಣುತ್ತಿತ್ತು, ಅಷ್ಟೇ. ಮಂಜು ಕವಿದ ಕಾಡು. ನಡುವೆ ಒಂದು ಹಳೆಯ ಕಲ್ಲಿನ ಕಟ್ಟಡ, ಒಳಗೆ ಒಂದು ಲಿಫ್ಟ್. ಹತ್ತಿದೆ. ಕೆಳಗಿಳಿಯಲು ಶುರುವಾಯಿತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಾ ಇದ್ದರೆ ಅದು ಇಳಿಯುತ್ತಲೇ ಇತ್ತು. ಕೊನೆಗೆ ನಿಂತಾಗ ಬಾಗಿಲಾಚೆ ನೆಲದಡಿಯಲ್ಲಿ ಒಂದು ಆಕಾಶ. ಹೌದು, ಆಕಾಶ. ತುಂಬಾ ನಕ್ಷತ್ರ, ಕೆಳಗೆ ನದಿ, ಪಾಳುಬಿದ್ದ ದೊಡ್ಡ ದೊಡ್ಡ ಕಂಬಗಳು. ಸಿಯೋಫ್ರಾ ನದಿ ಎಂಬ ಹೆಸರು ಪರದೆಯ ಮೇಲೆ ಬಂತು.

ಕಂಟ್ರೋಲರ್ ಕೆಳಗಿಟ್ಟು ಹೋಗಿ ಅಣ್ಣನನ್ನು ಎಬ್ಬಿಸಿದೆ. ನಿದ್ದೆಗಣ್ಣಲ್ಲೇ ಬಂದು ನೋಡಿದ.

‘ಇಲ್ಲಿಗೆ ಹೋಗು ಅಂತ ಯಾರು ಹೇಳಿದ್ರು?’ ಎಂದು ಕೇಳಿದ.

‘ಯಾರೂ ಹೇಳಿಲ್ಲ ಅಣ್ಣಾ.’

ಅವನು ಅಲ್ಲೇ ಕೂತುಬಿಟ್ಟ. ಇಬ್ಬರೂ ಬೆಳಗಿನ ಜಾವದ ತನಕ ಆ ನದಿ ದಂಡೆಯಲ್ಲಿ ಅಲೆದೆವು.

ಆ ರಾತ್ರಿ ನಡೆದದ್ದು ಕಥೆ ಅಲ್ವಾ? ಸೋತು ಬೇಸತ್ತ ಒಬ್ಬರು ದಾರಿ ಬಿಟ್ಟು ಹೋಗಿ, ಕಲ್ಪನೆಯಲ್ಲೂ ಇಲ್ಲದ ಒಂದು ಲೋಕಕ್ಕೆ ಬಂದು ನಿಲ್ಲುತ್ತಾರೆ. ಇದಕ್ಕೆ ಶುರು ಇದೆ, ನಡು ಇದೆ, ಎದೆ ಝಲ್ಲೆನ್ನುವ ಗಳಿಗೆ ಇದೆ. ಗೇಮ್ ಮಾಡಿದವರು ಆ ಲಿಫ್ಟನ್ನು ಅಲ್ಲಿಟ್ಟು ಸುಮ್ಮನಿದ್ದರು. ಬಾಣದ ಗುರುತಿಲ್ಲ, ‘ಇಲ್ಲಿ ನೋಡು’ ಎಂಬ ಮಾತಿಲ್ಲ. ಆ ಗೇಮ್‌ನ ಮ್ಯಾಪ್ ಕೂಡ ಶುರುವಿನಲ್ಲಿ ಚಿಕ್ಕದಾಗಿಯೇ ಕಾಣುತ್ತದೆ, ನಾವು ಹೋದ ಹಾಗೆಲ್ಲ ಅಂಚುಗಳು ಹಿಗ್ಗುತ್ತವೆ. ಒಟ್ಟು ಎಷ್ಟು ದೊಡ್ಡದು ಎಂದು ಮೊದಲೇ ಗೊತ್ತಾಗುವುದಿಲ್ಲ. ಆ ಸುಮ್ಮನಿರುವಿಕೆಗೆ ಬಹಳ ಧೈರ್ಯ ಬೇಕು. ಕಷ್ಟಪಟ್ಟು ಕಟ್ಟಿದ ಅಷ್ಟು ದೊಡ್ಡ ಜಾಗವನ್ನು ಎಷ್ಟೋ ಆಟಗಾರರು ನೋಡದೆಯೇ ಹೋಗಬಹುದು ಎಂದು ಗೊತ್ತಿದ್ದೂ ಅದನ್ನು ಬಚ್ಚಿಡುವುದು ಸಣ್ಣ ಮಾತಲ್ಲ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಕೂಡ ಅಲ್ಲ. 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಹುಡುಗರು ಎಲೀಟ್ ಎಂಬ ಗೇಮ್ ಮಾಡಿದರು. ಆಗಿನ ಬಿಬಿಸಿ ಮೈಕ್ರೊ ಕಂಪ್ಯೂಟರಿನಲ್ಲಿ ಇದ್ದ ಮೆಮೊರಿ 32 ಕೆಬಿ. ಅಷ್ಟರಲ್ಲೇ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರ ಮಂಡಲ. ಎಲ್ಲವನ್ನೂ ಬರೆದಿಡಲು ಜಾಗವೇ ಇಲ್ಲದ್ದರಿಂದ, ಒಂದು ಲೆಕ್ಕದ ಸೂತ್ರದಿಂದ ಅವು ಬೇಕಾದಾಗ ಹುಟ್ಟಿಕೊಳ್ಳುವ ಹಾಗೆ ಮಾಡಿದರು. ನೀನು ವ್ಯಾಪಾರಿಯಾಗು, ಕಡಲ್ಗಳ್ಳನಂತೆ ಲೂಟಿ ಮಾಡು, ಎಲ್ಲಿಗಾದರೂ ಹೋಗು ಎಂದು ಆಟಗಾರರನ್ನು ಬಿಟ್ಟರು. ಎರಡು ವರ್ಷ ಕಳೆದು 1986ರಲ್ಲಿ ಜಪಾನಿನಲ್ಲಿ ದಿ ಲೆಜೆಂಡ್ ಆಫ್ ಜೆಲ್ಡಾ ಬಂತು. ಅದನ್ನು ರೂಪಿಸಿದ ಶಿಗೇರು ಮಿಯಾಮೊಟೊ ಚಿಕ್ಕವರಿದ್ದಾಗ ಸೋನೋಬೆ ಎಂಬ ತಮ್ಮ ಊರಿನ ಸುತ್ತಲಿನ ಗುಡ್ಡ, ಕಾಡು, ಗುಹೆಗಳಲ್ಲಿ ತಿರುಗಾಡಿದವರು. ಆ ತಿರುಗಾಟದ ಅನುಭವವೇ ಗೇಮ್ ಆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಗೇಮ್ ಶುರುವಾದಾಗ ನೀವು ಒಂದು ಬಯಲಿನಲ್ಲಿ ನಿಂತಿರುತ್ತೀರಿ. ಮೂರು ಕಡೆ ದಾರಿ, ಪಕ್ಕದಲ್ಲಿ ಒಂದು ಗುಹೆ. ಗುಹೆಯೊಳಗೆ ಒಬ್ಬ ಮುದುಕ ಕತ್ತಿ ಕೊಡುತ್ತಾನೆ. ಒಳಗೆ ಹೋಗದೆ, ಕತ್ತಿಯನ್ನೇ ತಗೊಳ್ಳದೆ ಹೊರಟುಬಿಡಲೂಬಹುದು. ನಿಮ್ಮಿಷ್ಟ. ಸುಮಾರು 40 ವರ್ಷದ ಹಿಂದೆಯೇ ಆಟಗಾರರ ಮೇಲೆ ಅಷ್ಟು ನಂಬಿಕೆ ಇತ್ತು.

ಈಗ ಲೇಖಕರ ಅರ್ಧ ನಿಜಕ್ಕೆ ಬರುತ್ತೇನೆ. ಇದನ್ನು ಮುಚ್ಚಿಟ್ಟು ವಾದ ಮಾಡಲು ನನಗೆ ಇಷ್ಟ ಇಲ್ಲ, ಯಾಕೆಂದರೆ ಲೀನಿಯರ್ ಗೇಮ್‌ಗಳೂ ನನ್ನನ್ನು ಅಳಿಸಿವೆ.

2013ರ ದಿ ಲಾಸ್ಟ್ ಆಫ್ ಅಸ್ ತೆಗೆದುಕೊಳ್ಳಿ. ಎಲೀ ಎಂಬ ಹುಡುಗಿ, ಜೋಯಲ್ ಎಂಬ ವಯಸ್ಸಾಗುತ್ತಿರುವ ಗಂಡಸು, ಹಾಳಾದ ಒಂದು ದೇಶವನ್ನು ದಾಟಿ ಹೋಗುತ್ತಿರುತ್ತಾರೆ. ಚಳಿಗಾಲದಲ್ಲಿ ಆ ಹುಡುಗಿಗೆ ಆಗಬಾರದ್ದು ಆಗುತ್ತದೆ. ಆಮೇಲೆ ವಸಂತ. ಮಾತಿನ ಮಲ್ಲಿಯಂತಿದ್ದ ಹುಡುಗಿ ಈಗ ಬಾಯೇ ಬಿಡುತ್ತಿಲ್ಲ. ಜೋಯಲ್ ಏನೇನೋ ಮಾತಾಡಿಸುತ್ತಾನೆ, ಉತ್ತರ ಇಲ್ಲ. ಹೀಗೇ ನಡೆಯುತ್ತಿರುವಾಗ ಅವಳು ಇದ್ದಕ್ಕಿದ್ದಂತೆ ಏನೋ ಕಂಡು ಓಡುತ್ತಾಳೆ, ನಾವೂ ಹಿಂದೆ ಓಡುತ್ತೇವೆ, ನೋಡಿದರೆ ಒಡೆದ ಗೋಡೆಯಾಚೆ ಒಂದು ಜಿರಾಫೆ ಎಲೆ ತಿನ್ನುತ್ತಾ ನಿಂತಿದೆ. ಮುಂದೆ ಹೋದರೆ ಒಂದು ಹಿಂಡೇ ಕಾಣುತ್ತದೆ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಗೇಮ್ ಅವಸರ ಮಾಡುವುದಿಲ್ಲ. ನಾನು ಬಹಳ ಹೊತ್ತು ನಿಂತಿದ್ದೆ.

ಆ ಜಿರಾಫೆಗಳನ್ನು ಒಂದು ಓಪನ್ ವರ್ಲ್ಡ್ ಮ್ಯಾಪಿನ ಮೂಲೆಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು? ಯಾರೋ ಒಬ್ಬರು ಚಳಿಗಾಲಕ್ಕೂ ಮೊದಲೇ ಅಲ್ಲಿಗೆ ಹೋಗಿಬಿಡುತ್ತಿದ್ದರು. ‘ಓ, ಜಿರಾಫೆ’ ಎಂದು ಮುಂದೆ ನಡೆಯುತ್ತಿದ್ದರು. ಆ ದೃಶ್ಯದ ಎಲ್ಲ ಶಕ್ತಿಯೂ ಅದಕ್ಕೂ ಹಿಂದೆ ಏನಾಗಿತ್ತು ಎಂಬುದರಲ್ಲಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕಥೆ ಹೇಳುವವರು ತಮ್ಮ ಕೈಯಲ್ಲಿ ಇಟ್ಟುಕೊಂಡಾಗ ಮಾತ್ರ ಇಂಥದ್ದು ಸಾಧ್ಯ. 2017ರ ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್‌ನಲ್ಲೂ ಹಾಗೇ. ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಲೂಯಿಸ್‌ನ ಕಥೆ ಬರುತ್ತದೆ. ಒಂದು ಹೆಬ್ಬೆರಳಿನಿಂದ ಒಂದೊಂದೇ ಮೀನು ಎಳೆದು ತಲೆ ಕತ್ತರಿಸುತ್ತಾ ಇರಬೇಕು, ಇನ್ನೊಂದು ಹೆಬ್ಬೆರಳಿನಿಂದ ಅವನ ಕಲ್ಪನೆಯ ರಾಜ್ಯದಲ್ಲಿ ನಡೆಯಬೇಕು. ಕಲ್ಪನೆ ಬೆಳೆದು ಬೆಳೆದು ಪರದೆಯನ್ನೆಲ್ಲ ತುಂಬುತ್ತದೆ, ಮೀನು ಕತ್ತರಿಸುವ ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಆ ಹುಡುಗನ ಮನಸ್ಸಿಗೆ ಏನಾಯಿತು ಎಂದು ಯಾರೂ ವಿವರಿಸಬೇಕಿಲ್ಲ, ನಿಮ್ಮ ಬೆರಳುಗಳಿಗೇ ಅರ್ಥವಾಗಿರುತ್ತದೆ. ಇಡೀ ಗೇಮ್ ಒಂದೇ ಸಂಜೆಯಲ್ಲಿ ಮುಗಿಯುತ್ತದೆ.

ಸ್ವಾತಂತ್ರ್ಯ ಕೊಟ್ಟ ಗೇಮ್‌ಗಳು ಇಲ್ಲಿ ನಿಜಕ್ಕೂ ಎಡವುತ್ತವೆ. ನಾನು ತುಂಬಾ ಪ್ರೀತಿಸುವ ಜೆಲ್ಡಾ ಸರಣಿಯಿಂದಲೇ ಉದಾಹರಣೆ ಕೊಡುತ್ತೇನೆ. 2023ರ ಟಿಯರ್ಸ್ ಆಫ್ ದಿ ಕಿಂಗ್‌ಡಮ್‌ನಲ್ಲಿ ಮೊದಲ ನಾಲ್ಕು ದೇವಾಲಯಗಳನ್ನು ಯಾವ ಕ್ರಮದಲ್ಲಾದರೂ ಗೆಲ್ಲಬಹುದು. ಪ್ರತಿ ದೇವಾಲಯದ ಕೊನೆಯಲ್ಲಿ ಹಳೆಯ ಕಾಲದ ಒಬ್ಬ ಋಷಿ ಬಂದು ಒಂದು ಪುರಾತನ ಯುದ್ಧದ ಕಥೆ ಹೇಳುತ್ತಾರೆ. ನೀವು ಮೊದಲು ಯಾರ ಹತ್ತಿರ ಬರುತ್ತೀರಿ ಎಂದು ಗೇಮ್‌ಗೆ ಗೊತ್ತಿಲ್ಲ. ಹಾಗಾಗಿ ನಾಲ್ಕೂ ಜನ ಹೆಚ್ಚು ಕಡಿಮೆ ಅದೇ ಕಥೆ ಹೇಳುತ್ತಾರೆ. ಮೂರನೇ ಸಲ ಕೇಳುವಾಗ ನನಗೆ ಬೇಜಾರಾಗಿದ್ದು ನಿಜ. 2015ರ ದಿ ವಿಚರ್ 3ರಲ್ಲಿ ಗೆರಾಲ್ಟ್ ತನ್ನ ಮಗಳಂಥ ಸಿರಿಯನ್ನು ಹುಡುಕುತ್ತಿರುತ್ತಾನೆ, ಅವಳ ಬೆನ್ನಿಗೆ ಸಾವು ಬಿದ್ದಿದೆ, ಆದರೂ ನಾವು ಅವನನ್ನು ಕೂರಿಸಿಕೊಂಡು ವಾರಗಟ್ಟಲೆ ಗ್ವೆಂಟ್ ಇಸ್ಪೀಟು ಆಡಿಸಬಹುದು. ಸಿರಿ ಕಾಯುತ್ತಾಳೆ. ಅವಸರ ಅನ್ನುವುದು ಮಾತಿನಲ್ಲಿ ಮಾತ್ರ ಉಳಿಯುತ್ತದೆ. ಲೇಖಕರು ಕಥೆ ಹಾಳಾಗುತ್ತದೆ ಎಂದಾಗ ಇಂಥದ್ದನ್ನೇ ಹೇಳುತ್ತಿದ್ದರೆ, ಅಷ್ಟರ ಮಟ್ಟಿಗೆ ನಾನು ಅವರ ಪಕ್ಷ.

ಆದರೆ ಅವರು ಒಂದು ದೊಡ್ಡ ವ್ಯತ್ಯಾಸವನ್ನು ಬಿಟ್ಟುಬಿಟ್ಟಿದ್ದಾರೆ. ಓಪನ್ ವರ್ಲ್ಡ್ ಎಂಬ ಒಂದೇ ಚೀಟಿ ಅಂಟಿಸಿಕೊಂಡು ಎರಡು ಬೇರೆ ಬೇರೆ ಥರದ ಗೇಮ್‌ಗಳು ಬರುತ್ತಿವೆ. ಒಂದರಲ್ಲಿ ಹುಡುಕುವವರು ನಾವು. ಇನ್ನೊಂದರಲ್ಲಿ ಗೇಮ್ ಮೊದಲೇ ಎಲ್ಲ ಹುಡುಕಿ ಪಟ್ಟಿ ಮಾಡಿ ಇಟ್ಟಿರುತ್ತದೆ, ನಾವು ಹೋಗಿ ಟಿಕ್ ಹಾಕಿ ಬರಬೇಕು.

2007ರ ಅಸಾಸಿನ್ಸ್ ಕ್ರೀಡ್‌ನಲ್ಲಿ ಎತ್ತರದ ಗೋಪುರ ಹತ್ತಿ ಸುತ್ತ ನೋಡಿದರೆ ಆ ಭಾಗದ ಮ್ಯಾಪ್ ತೆರೆದುಕೊಳ್ಳುತ್ತಿತ್ತು. ಮೊದಲ ಸಲ ಅದು ಚೆನ್ನಾಗಿತ್ತು, ಊರೆಲ್ಲ ಕಾಲಕೆಳಗೆ ಕಾಣುತ್ತಿತ್ತು. ಆಮೇಲೆ ಎಷ್ಟೊಂದು ಗೇಮ್‌ಗಳು ಅದನ್ನೇ ಹಿಡಿದುಕೊಂಡವು. 2012ರ ಫಾರ್ ಕ್ರೈ 3ರಲ್ಲಿ ರೇಡಿಯೊ ಟವರ್‌ಗಳು. ಟವರ್ ಹತ್ತು, ಮ್ಯಾಪ್ ತುಂಬಾ ಐಕಾನ್ ಉದುರುತ್ತವೆ, ಒಂದೊಂದಕ್ಕೂ ಹೋಗು, ಮುಗಿಸು, ಮುಂದಿನ ಟವರ್‌ಗೆ ನಡೆ. ಇಂಥ ಗೇಮ್ ಆಡುವಾಗ ನಾನು ಗಮನಿಸಿದ್ದೇನೆ, ನನ್ನ ಕಣ್ಣು ಬೆಟ್ಟದ ಮೇಲೆ ಇರುವುದೇ ಇಲ್ಲ. ಪರದೆಯ ಮೂಲೆಯಲ್ಲಿರುವ ಚಿಕ್ಕ ಮ್ಯಾಪಿನ ಮೇಲೆ ಇರುತ್ತದೆ. ನೂರಾರು ಜನ ವರ್ಷಗಟ್ಟಲೆ ಕೂತು ಮರ, ಬೆಳಕು, ಹುಲ್ಲು ಎಲ್ಲ ಮಾಡಿರುತ್ತಾರೆ, ನಾನು ಒಂದು ಚುಕ್ಕೆಯ ಹಿಂದೆ ಓಡುತ್ತಿರುತ್ತೇನೆ. ಇದು ಓಡಾಡಲು ಜಾಗ ಜಾಸ್ತಿ ಇರುವ ಲೀನಿಯರ್ ಗೇಮ್, ಲೀನಿಯರ್ ಗೇಮ್‌ನ ಕಥೆ ಮಾತ್ರ ಇದರಲ್ಲಿಲ್ಲ. ಲೇಖಕರಿಗೆ ಬೇಸರ ತರಿಸಿದ್ದು ಇದೇ ಥರದ ಗೇಮ್‌ಗಳು ಎಂದು ನನ್ನ ಊಹೆ. ಅವರ ಬೇಸರ ಸರಿ. ತಪ್ಪನ್ನು ಹೊರಿಸಿದ್ದು ಮಾತ್ರ ಅಲೆದಾಟದ ತಲೆ ಮೇಲೆ.

ಒಂದೇ ಸರಣಿಯೊಳಗೆ ಈ ವ್ಯತ್ಯಾಸ ಕಾಣಬೇಕೆಂದರೆ 2002ರ ಮೊರೊವಿಂಡ್ ನೋಡಬೇಕು. ಅದರಲ್ಲಿ ಯಾರಾದರೂ ಒಂದು ಕೆಲಸ ಹೇಳಿದರೆ ದಾರಿಯನ್ನೂ ಬಾಯಲ್ಲೇ ಹೇಳುತ್ತಾರೆ. ಸೇತುವೆ ದಾಟು, ಉತ್ತರಕ್ಕೆ ತಿರುಗು, ಬಂಡೆ ಕಂಡ ಮೇಲೆ ಬಲಕ್ಕೆ ಹೋಗು, ಹೀಗೆ. ಅದು ಡೈರಿಯಲ್ಲಿ ದಾಖಲಾಗುತ್ತದೆ, ಅಷ್ಟೇ. ಮ್ಯಾಪಿನಲ್ಲಿ ಬಾಣ ಇಲ್ಲ. ಕೆಲವು ಸಲ ಅವರು ಹೇಳಿದ ದಾರಿಯೇ ತಪ್ಪಿರುತ್ತದೆ! ಆದರೆ ನೀವು ಬಂಡೆ ನೋಡುತ್ತೀರಿ, ಸೇತುವೆ ಎಣಿಸುತ್ತೀರಿ, ಸೂರ್ಯ ಯಾವ ಕಡೆ ಇದ್ದಾನೆ ಎಂದು ಯೋಚಿಸುತ್ತೀರಿ. ಆ ನೆಲ ನಿಮ್ಮದಾಗುತ್ತದೆ. ಮುಂದಿನ ಗೇಮ್, 2006ರ ಆಬ್ಲಿವಿಯನ್‌ನಲ್ಲಿ, ದಿಕ್ಸೂಚಿಯ ಮೇಲೆ ಒಂದು ಗುರುತು ಬಂತು. ಅದನ್ನು ಹಿಡಿದು ಹೋದರೆ ಸಾಕು. ಅನುಕೂಲ ಆಯಿತು, ಒಪ್ಪುತ್ತೇನೆ. ಆದರೆ ಅನುಕೂಲದ ಜೊತೆ ಏನೋ ಒಂದು ಹೋಯಿತು.

ಅದನ್ನು ವಾಪಸ್ ತಂದ ಗೇಮ್ ನನ್ನ ಪ್ರಕಾರ ಜೆಲ್ಡಾ ಸರಣಿಯದೇ 2017ರ ಬ್ರೆತ್ ಆಫ್ ದಿ ವೈಲ್ಡ್. ಅದರಲ್ಲೂ ಟವರ್ ಇವೆ. ಆದರೆ ಹತ್ತಿದರೆ ಸಿಗುವುದು ನೆಲದ ನಕ್ಷೆ ಮಾತ್ರ, ಬೆಟ್ಟ, ನದಿ, ಕಣಿವೆ. ಐಕಾನ್‌ಗಳು ಬರುವುದಿಲ್ಲ. ಟವರ್ ಮೇಲೆ ನಿಂತು ದುರ್ಬೀನಿನಲ್ಲಿ ಸುತ್ತ ನೋಡಿ, ನಿಮಗೆ ಕುತೂಹಲ ಹುಟ್ಟಿಸಿದ ಜಾಗಕ್ಕೆ ನೀವೇ ಗುರುತು ಹಾಕಬೇಕು. ಇದರ ಹಿಂದಿನ ಕೆಲಸದ ಬಗ್ಗೆ ಗೇಮ್ ಮಾಡಿದವರು ಆ ವರ್ಷ ಜಪಾನಿನ ಒಂದು ಸಮ್ಮೇಳನದಲ್ಲಿ ವಿವರಿಸಿದ್ದರು. ಅವರು ನೆಲವನ್ನೆಲ್ಲ ತ್ರಿಕೋನಗಳಲ್ಲಿ ಯೋಚಿಸಿದ್ದಾರೆ. ಎದುರಿಗೆ ತ್ರಿಕೋನದಂಥ ಗುಡ್ಡ ಇದ್ದರೆ ಹತ್ತಬೇಕಾ, ಬಳಸಿಕೊಂಡು ಹೋಗಬೇಕಾ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಗುಡ್ಡ ತನ್ನ ಹಿಂದಿರುವುದನ್ನು ಮುಚ್ಚಿಡುತ್ತದೆ. ಬಳಸಿ ಹೋದ ಹಾಗೆ ಮರೆಯಲ್ಲಿದ್ದದ್ದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ, ಅದನ್ನು ನೋಡಲು ಹೊರಟರೆ ಇನ್ನೊಂದು ಕಾಣುತ್ತದೆ. ನಾವು ಸುಮ್ನೆ ಅಲೆಯುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಆದರೆ ಪ್ರತಿ ತಿರುವಿನಲ್ಲೂ ಯಾರೋ ನಮ್ಮ ಕುತೂಹಲದ ಬಗ್ಗೆ ಯೋಚನೆ ಮಾಡಿ ಇಟ್ಟಿದ್ದಾರೆ. ಇದು ಕಥೆ ಹೇಳುವವರ ಕೆಲಸಕ್ಕಿಂತ ಯಾವ ರೀತಿಯಲ್ಲಿ ಕಡಿಮೆ? ಆ ಗೇಮ್‌ನಲ್ಲಿ ಮೊದಲ ಪ್ರಸ್ಥಭೂಮಿಯಿಂದ ಇಳಿದ ತಕ್ಷಣ ನೇರ ಕೊನೆಯ ಕೋಟೆಗೇ ಹೋಗಿ ಕಾದಾಡಬಹುದು. ಕೈ ಪಳಗಿದವರು ಇಡೀ ಗೇಮನ್ನು ಅರ್ಧ ಗಂಟೆಯೊಳಗೆ ಮುಗಿಸಿದ್ದಾರೆ. ನಾನು ಅಲ್ಲಿ ತಿಂಗಳುಗಟ್ಟಲೆ ಇದ್ದೆ. ಇಬ್ಬರೂ ಸರಿಯಾಗಿಯೇ ಆಡಿದ್ದೇವೆ.

ಬರೀ ದೊಡ್ಡದು ಮಾಡಿದರೆ ಸಾಲದು ಎಂಬುದಕ್ಕೆ 2016ರಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ ಸಾಕ್ಷಿ. ಅದರಲ್ಲಿರುವ ಗ್ರಹಗಳ ಸಂಖ್ಯೆ ಬರೆಯಲು 18ರ ಮುಂದೆ 18 ಸೊನ್ನೆ ಹಾಕಬೇಕು. ಬಿಡುಗಡೆಯಾದಾಗ ಹೆಚ್ಚಿನವರಿಗೆ ನಿರಾಸೆಯಾಯಿತು, ಯಾಕೆಂದರೆ ಹತ್ತಾರು ಗ್ರಹ ನೋಡುವಷ್ಟರಲ್ಲಿ ಮುಂದಿನದು ಹೇಗಿರುತ್ತದೆ ಎಂದು ಗೊತ್ತಾಗಿಬಿಡುತ್ತಿತ್ತು. ಮಾಡಿದವರು ಕೈಬಿಡಲಿಲ್ಲ, ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಅದನ್ನು ಎತ್ತಿ ನಿಲ್ಲಿಸಿದರು, ಅದಕ್ಕೆ ಅವರಿಗೆ ನನ್ನ ಗೌರವ ಇದೆ.

ಮತ್ತೆ ಕೆಲವು ಗೇಮ್‌ಗಳಲ್ಲಿ ಅಲೆದಾಟ, ಕಥೆ ಎರಡೂ ಒಂದರ ಪಕ್ಕ ಒಂದು ಇದ್ದು ಕಿತ್ತಾಡುತ್ತವೆ. 2018ರ ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಕುದುರೆ ಹತ್ತಿ ಹೊರಟರೆ ಅದರಷ್ಟು ಜೀವಂತ ಲೋಕ ಇನ್ನೊಂದಿಲ್ಲ ಅನ್ನಿಸುತ್ತದೆ. ಮಿಷನ್ ಶುರುವಾದ ತಕ್ಷಣ ಹೇಳಿದ ಕಡೆಯೇ ಹೋಗಬೇಕು, ಹೇಳಿದ ಹಾಗೇ ಮಾಡಬೇಕು, ಬೇರೆ ದಾರಿಯಿಂದ ಸುತ್ತಿ ಬರೋಣ ಎಂದರೆ ಮಿಷನ್ ಫೇಲ್. ಈಗಷ್ಟೇ ಕೈಗೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಅದರ ನಾಯಕ ಆರ್ಥರ್ ಮಾರ್ಗನ್‌ನ ಕಥೆ ಅಷ್ಟು ಚೆನ್ನಾಗಿರುವುದರಿಂದ ನಾನು ಸಹಿಸಿಕೊಂಡೆ.

ಹಾಗಾದರೆ ಎರಡೂ ಒಂದಾಗಿ ಬೆರೆಯುವುದೇ ಇಲ್ವಾ? ಬೆರೆಯುತ್ತವೆ. ಲೇಖಕರಿಗೆ ನಾನು ಒಂದೇ ಒಂದು ಗೇಮ್ ಆಡಿ ಎಂದು ಕೇಳಿಕೊಳ್ಳುವುದಾದರೆ ಅದು 2019ರ ಔಟರ್ ವೈಲ್ಡ್ಸ್. ಒಂದು ಪುಟ್ಟ ಸೌರಮಂಡಲ, ನಿಮ್ಮ ಹತ್ತಿರ ಮರದ ತುಂಡುಗಳಿಂದ ಕಟ್ಟಿದ ಹಾಗಿರುವ ಒಂದು ನೌಕೆ. 22 ನಿಮಿಷಕ್ಕೆ ಸೂರ್ಯ ಸ್ಫೋಟಗೊಂಡು ಎಲ್ಲ ಮುಗಿಯುತ್ತದೆ, ಮತ್ತೆ ಶುರುವಿನಿಂದ ಏಳುತ್ತೀರಿ. ಹೊಸ ಆಯುಧ ಸಿಗುವುದಿಲ್ಲ, ಶಕ್ತಿ ಹೆಚ್ಚುವುದಿಲ್ಲ. ಉಳಿಯುವುದು ನಿಮಗೆ ತಿಳಿದದ್ದು ಮಾತ್ರ. ಒಂದು ಗ್ರಹದಲ್ಲಿ ಗೋಡೆಯ ಮೇಲೆ ಓದಿದ ಬರಹ ಇನ್ನೊಂದು ಗ್ರಹದ ಬಾಗಿಲು ತೆರೆಯುವುದು ಹೇಗೆಂದು ಹೇಳಿಕೊಡುತ್ತದೆ. ಕೊನೆಗೆ ಹೋಗಬೇಕಾದ ಜಾಗಕ್ಕೆ ಮೊದಲ 22 ನಿಮಿಷದಲ್ಲೇ ಹೋಗಬಹುದಿತ್ತು, ಹೇಗೆ ಎಂದು ಗೊತ್ತಿರಲಿಲ್ಲ, ಅಷ್ಟೇ. ಎಲ್ಲಿಂದ ಶುರು ಮಾಡಿದರೂ, ಯಾವ ಕ್ರಮದಲ್ಲಿ ನೋಡಿದರೂ ಹಿಂದೆ ಒಂದು ಜನಾಂಗಕ್ಕೆ ಏನಾಯಿತು ಎಂಬ ಕಥೆ ನಿಮ್ಮ ತಲೆಯೊಳಗೆ ಜೋಡಣೆಯಾಗುತ್ತಾ ಹೋಗುತ್ತದೆ. ಇಲ್ಲಿ ಅಲೆದಾಟವನ್ನು ತೆಗೆದರೆ ಕಥೆ ಉಳಿಯುವುದಿಲ್ಲ. ಕಥೆಯನ್ನು ತೆಗೆದರೆ ಅಲೆಯಲು ಕಾರಣ ಉಳಿಯುವುದಿಲ್ಲ.

ಟೈಮ್ ವೇಸ್ಟ್ ಎಂಬ ಮಾತಿಗೂ ಉತ್ತರ ಕೊಡಬೇಕು, ಯಾಕೆಂದರೆ ಅಣ್ಣನ ವಾದವೂ ಅದೇ. ಅವನಿಗೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಆ ಒಂದು ಗಂಟೆಯಲ್ಲಿ ಕಥೆ ಒಂದು ಹೆಜ್ಜೆಯಾದರೂ ಮುಂದೆ ಹೋಗಬೇಕು, ಸುಮ್ನೆ ಗುಡ್ಡ ಹತ್ತಿ ಇಳಿದು ಮಲಗಿದರೆ ಏನು ಸಿಕ್ಕಿತು ಎನ್ನುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ. 1996ರಲ್ಲೇ ಗೇಮ್ ಸಂಶೋಧಕ ರಿಚರ್ಡ್ ಬಾರ್ಟಲ್ ಆಟಗಾರರಲ್ಲಿ ನಾಲ್ಕು ಬಗೆ ಎಂದು ಬರೆದಿದ್ದರು. ಸಾಧಿಸುವವರು, ಹುಡುಕುವವರು, ಬೆರೆಯುವವರು, ಬೇರೆಯವರನ್ನು ಹೊಡೆದುರುಳಿಸುವವರು. ಎಲ್ಲರಿಗೂ ಒಂದೇ ಗೇಮ್ ಹಿಡಿಸಬೇಕೆಂದಿಲ್ಲ. ಆದರೆ ನನಗೆ ದಿನವಿಡೀ ಯಾರೋ ಹೇಳಿದ ಕೆಲಸ, ಯಾರೋ ಹಾಕಿಕೊಟ್ಟ ಗಡುವು ಇರುತ್ತದೆ. ಸಂಜೆಯ ಒಂದು ಗಂಟೆಯಲ್ಲಿ ಯಾವ ಕಡೆ ತಿರುಗಬೇಕು ಎಂದು ನಾನೇ ನಿರ್ಧರಿಸುವುದು ನನಗೆ ಬಹಳ ದೊಡ್ಡ ವಿಷಯ. ಗುಡ್ಡ ಹತ್ತಿ ಇಳಿದು ಮಲಗಿದ ದಿನ ನನಗೆ ಒಳ್ಳೆಯ ನಿದ್ದೆ ಬರುತ್ತದೆ.

ಸಂಪಾದಕರೇ, ಕೊನೆಯದಾಗಿ ನಿಮ್ಮಲ್ಲಿ ಎರಡು ಕೋರಿಕೆ. ಮುಂದೆ ಗೇಮ್‌ಗಳ ಬಗ್ಗೆ ಬರೆಸುವಾಗ ಮ್ಯಾಪ್ ಎಷ್ಟು ಚದರ ಕಿಲೋಮೀಟರ್, ಎಷ್ಟು ಗಂಟೆಯ ಆಟ ಎಂಬ ಲೆಕ್ಕವನ್ನು ದಯವಿಟ್ಟು ಮೇಲೆ ಹಾಕಬೇಡಿ. ಆ ಗೇಮ್ ನಮ್ಮನ್ನು ಹುಡುಕಲು ಬಿಡುತ್ತದಾ ಅಥವಾ ಎಲ್ಲವನ್ನೂ ತೋರಿಸಿಬಿಡುತ್ತದಾ ಎಂದು ತಿಳಿಸಿ. ಲೀನಿಯರ್ ಗೇಮ್ ಆದರೆ ಅದು ಕೈಹಿಡಿದು ಕರೆದುಕೊಂಡು ಹೋಗುವ ದಾರಿ ಹೋಗಲು ಯೋಗ್ಯವಾ ಎಂದು ತಿಳಿಸಿ. ಇನ್ನೊಂದು, ಕಥೆಯ ಕೊನೆಯನ್ನು ಹೇಳಬಾರದು ಎಂದು ನಿಮ್ಮ ಲೇಖಕರು ಎಷ್ಟು ಎಚ್ಚರ ವಹಿಸುತ್ತಾರೋ, ಅಲೆಯುವ ಗೇಮ್‌ಗಳಲ್ಲಿ ಯಾವ ಮೂಲೆಯಲ್ಲಿ ಏನಿದೆ ಎಂಬುದರ ಬಗ್ಗೆಯೂ ಅಷ್ಟೇ ಎಚ್ಚರ ಇರಲಿ. ನಾನೇ ಮೇಲೆ ಆ ಲಿಫ್ಟಿನ ವಿಷಯ ಹೇಳಿಬಿಟ್ಟೆ, ಜಿರಾಫೆಯನ್ನೂ ಹೇಳಿದೆ. ಅವೆರಡನ್ನೂ ಹೇಳದೆ ನನ್ನ ಮಾತು ಅರ್ಥ ಮಾಡಿಸಲು ಆಗುತ್ತಿರಲಿಲ್ಲ. ಇನ್ನೂ ಆಡದವರು ಕ್ಷಮಿಸಬೇಕು.

ಅಣ್ಣ ಕಳೆದ ವಾರದಿಂದ ಔಟರ್ ವೈಲ್ಡ್ಸ್ ಆಡುತ್ತಿದ್ದಾನೆ. ದಿನಾ ಒಂದು ಗಂಟೆ. ನಿನ್ನೆ ರಾತ್ರಿ ಒಂದು ಗುಹೆಯ ಬಾಯಿಯ ತನಕ ಹೋಗಿ, ಒಳಗೆ ಇಣುಕಿ, ಏನೂ ಇಲ್ಲ ಎಂದು ವಾಪಸ್ ತಿರುಗಿದ. ಒಳಗೆ ಏನಿದೆ ಎಂದು ನನಗೆ ಗೊತ್ತು. ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಇಂತಿ,
ನಿಮ್ಮ ಓದುಗ